ಎಕೋ ಕೋಣೆಯ ನಸೀಮಾ ಮೇಡಂ

ನಸೀಮಾ ಮೇಡಂ ಅವರಿಗೆ ಬರುತ್ತಿದ್ದದ್ದು ಒಂದೇ ಒಂದು ಜೋಗುಳ, ಅದೂ ಅರ್ಧ. ರಾಗ ಗಟ್ಟಿಯಾಗಿ ನೆನಪಿತ್ತು. ಪದಗಳು ಮೊದಲನೆಯ ಸಾಲಿಗೇ ಮುಗಿದುಹೋಗುತ್ತಿದ್ದವು. ಅಲ್ಲಿಂದಾಚೆಗೆ ಅವರು ಊರುಗಳ ಹೆಸರು ತುಂಬಿಕೊಳ್ಳುತ್ತಿದ್ದರು. ಪರದೆ ಎಳೆದ ಅರೆಗತ್ತಲ ಕೋಣೆಯಲ್ಲಿ ಮಗುವನ್ನು ಮಲಗಿಸಿದ ಮೇಲೆ ತಾಯಿಯನ್ನು ಯಾವೂರು ಎಂದು ಕೇಳುವರು. ಗೌನಿಪಲ್ಲಿ ಎಂದರೆ ಸಾಕು, ಕೋಲಾರದ ಬಸ್ ನಿಲ್ದಾಣದಿಂದ ಹಾಡಿನಲ್ಲೇ ಬಸ್ಸು ಹೊರಡುತ್ತಿತ್ತು. ಶ್ರೀನಿವಾಸಪುರ, ರೋಣೂರು, ಯಲ್ದೂರು, ರಾಯಲ್ಪಾಡು ಎಂದು ಒಂದೊಂದೇ ಊರನ್ನು ಎಳೆದೆಳೆದು ಹಾಡುವರು. ಒಂದು ಕೈ ಮಗುವಿನ ಎದೆಯ ಮೇಲೆ, ಇನ್ನೊಂದು ಹೃದಯದ ಚಿತ್ರ ತೋರಿಸುವ ಎಕೋ ಯಂತ್ರದ ಗುಂಡಿಗಳ ಮೇಲೆ, ಕಣ್ಣು ಆ ಯಂತ್ರದ ಪರದೆಯ ಮೇಲೆ. ಊರುಗಳು ಯಾವತ್ತೂ ಸರಿಯಾದ ಕ್ರಮದಲ್ಲಿ ಬರುತ್ತಿರಲಿಲ್ಲ. ಹೆದರಿ ಮುದುಡಿ ಕೂತಿದ್ದ ತಾಯಂದಿರು ಕೊನೆಗೆ ತಡೆಯಲಾರದೆ ಬಾಯಿಬಿಡುತ್ತಿದ್ದರು: ಮೇಡಂ, ಆ ಊರು ಆಮೇಲೆ ಬರುತ್ತೆ. ಹೌದಾ, ಎಂದು ಮೇಡಂ ಬಸ್ಸನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಮಗು ನಿದ್ದೆಹೋಗಿರುತ್ತಿತ್ತು.

ಅವರು ಮುಳಬಾಗಿಲಿನವರು. ಅವರ ತಂದೆ ಹತ್ತಿ ಹಿಂಜಿ ಹಾಸಿಗೆ, ರಜಾಯಿ ಹೊಲಿಯುತ್ತಿದ್ದವರು. ಎಕೋ ಕೋಣೆಯ ಮಂಚದ ಮೇಲೆ ಆಸ್ಪತ್ರೆಯ ಬಿಳಿ ಬಟ್ಟೆಯ ಬದಲು ಅವರ ಮನೆಯಲ್ಲೇ ಹೊಲಿದ ಪುಟ್ಟ ರಜಾಯಿಗಳಿರುತ್ತಿದ್ದವು. ಮಗುವಿಗೊಂದು ಬದಲಾಯಿಸಬೇಕು, ದಿನಾ ಒಗೆಯಬೇಕು. ಮಕ್ಕಳಿಗೆ ತಣ್ಣನೆಯ ರೆಕ್ಸಿನ್ ತಾಗಿದರೆ ಎಚ್ಚರವಾಗುತ್ತದೆ ಎನ್ನುವುದು ಅವರ ವಾದ. ಎದೆಗೆ ಸವರುವ ಜೆಲ್ಲಿನ ಬಾಟಲಿಯನ್ನೂ ಬಿಸಿನೀರಿನಲ್ಲಿ ಇಟ್ಟೇ ತೆಗೆಯುತ್ತಿದ್ದರು. ಕೋಣೆಯೊಳಗೆ ಬರಿಗಾಲಲ್ಲಿ ಇರುತ್ತಿದ್ದರು. ಯಾಕೆಂದು ನಾನು ಒಮ್ಮೆ ಕೇಳಿದ್ದಕ್ಕೆ, 'ಕಾಲಲ್ಲಿ ಚಪ್ಪಲಿ ಇದ್ರೆ ಬೇಗ ಎದ್ದು ಹೋಗೋಣ ಅನ್ಸುತ್ತೆ ಟೀಚರಮ್ಮ, ಇದು ಬೇಗ ಎದ್ದು ಹೋಗೋ ಕೆಲಸ ಅಲ್ಲ' ಎಂದಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ನನ್ನ ಮಗಳು ಬುಜ್ಜಿ ಎಳೆಗೂಸಾಗಿದ್ದಾಗ. ಶಾಲೆಯಲ್ಲಿ ಅವಳ ಹೆಸರು ಚಂದನಾ. ಮನೆಯಲ್ಲಿ ಹುಟ್ಟಿದಾಗಿನಿಂದ ಬುಜ್ಜಿಯೇ. ನಮ್ಮದು ಶ್ರೀನಿವಾಸಪುರ. ನಾನು ಗೌನಿಪಲ್ಲಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಬಸುರಿಯಾಗಿದ್ದಾಗಲೂ ದಿನಾ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ.

ಮೊದಲೆರಡು ತಿಂಗಳು ಬುಜ್ಜಿ ಎಲ್ಲ ಮಕ್ಕಳ ಹಾಗೆಯೇ ಇದ್ದಳು. ಆಮೇಲೆ ಹಾಲು ಕುಡಿಯುವಾಗ ತೊಂದರೆ ಶುರುವಾಯಿತು. ಹಸಿವಿನಿಂದ ಬಾಯಿ ಹಾಕುವಳು, ಸ್ವಲ್ಪ ಹೊತ್ತು ಕುಡಿಯುವಳು, ಇದ್ದಕ್ಕಿದ್ದಂತೆ ಮೊಲೆ ಬಿಟ್ಟು ಕಿರುಚುವಳು. ಹಣೆಯಲ್ಲಿ ಬೆವರು, ಮುಖ ಬಿಳಿಚಿ ಬೂದಿಯ ಬಣ್ಣ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಸುಮ್ಮನಾಗುವಳು. ಹೊಟ್ಟೆನೋವು ಎಂದರು ಕೆಲವರು. ದೃಷ್ಟಿ ಎಂದರು ಕೆಲವರು. ನನ್ನ ಹಾಲು ಹಗುರ ಎಂದವರೂ ಇದ್ದರು. ಓಮದ ನೀರು, ಇಂಗು, ದೃಷ್ಟಿ ತೆಗೆಯುವುದು ಎಲ್ಲವೂ ಆಯಿತು. ತೂಕ ಮಾತ್ರ ಏರಲಿಲ್ಲ.

ಒಂದು ಸಲ ಕೆಮ್ಮು ಜೋರಾದಾಗ ತೆಗೆಸಿದ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡಿತು. ಮುಂದೆ ದೊಡ್ಡವರ ಹೃದಯ ನೋಡುವ ಡಾಕ್ಟರೊಬ್ಬರು ಎಕೋ ಮಾಡಿ, ಹೃದಯದ ಸ್ನಾಯು ತುಂಬ ದುರ್ಬಲವಾಗಿದೆ, ಔಷಧಿ ಕೊಡೋಣ, ಮಿಕ್ಕಿದ್ದು ನಮ್ಮ ಕೈಯಲ್ಲಿಲ್ಲ ಎಂದರು. ಒಳ್ಳೆಯ ಮನುಷ್ಯ. ತಮಗೆ ಎಳೆಮಕ್ಕಳನ್ನು ನೋಡಿ ಅಭ್ಯಾಸವಿಲ್ಲ, ಕೋಲಾರದಲ್ಲಿ ಮಕ್ಕಳ ಹೃದಯವನ್ನಷ್ಟೇ ನೋಡುವ ಮೇಡಂ ಒಬ್ಬರಿದ್ದಾರೆ, ಒಮ್ಮೆ ತೋರಿಸಿ ಎಂದು ಅವರೇ ಕಳುಹಿಸಿದರು. ಹೊರಗೆ ಬಂದ ಮೇಲೆ ನನ್ನ ಗಂಡ ವೆಂಕಟೇಶ್ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಬೇವಿನ ಮರದ ಕೆಳಗೆ ನಿಂತುಬಿಟ್ಟರು. ಎಷ್ಟು ಕರೆದರೂ ಗಾಡಿಯ ಹತ್ತಿರ ಬರಲಿಲ್ಲ.

ಕೋಲಾರಕ್ಕೆ ನಮ್ಮ ಜೊತೆ ಅತ್ತೆಯೂ ಬಂದರು. ಅವರ ಮಾತೆಲ್ಲ ತೆಲುಗು. ಬಸುರಿನಲ್ಲಿ ನಾನು ಬಸ್ಸಿನಲ್ಲಿ ಕುಲುಕಾಡಿದ್ದರಿಂದಲೇ ಮಗುವಿಗೆ ಹೀಗಾಯಿತು ಎಂದು ಅವರಿಗೆ ಖಚಿತವಾಗಿತ್ತು. ಎದುರಿಗೆ ಹೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ, ನೆಂಟರ ಫೋನಿನಲ್ಲಿ ಹೇಳುತ್ತಿದ್ದರು. ನನಗೂ ಅದೇ ನಿಜವಿರಬೇಕು ಅನ್ನಿಸಲು ಶುರುವಾಗಿತ್ತು. ಗುಂಡಿ ಬಿದ್ದ ಆ ರಸ್ತೆಯ ಒಂದೊಂದು ತಿರುವೂ ಕಣ್ಣಮುಂದೆ ಬರುತ್ತಿತ್ತು.

ಮೇಡಂ ಮೊದಲು ಮಗುವಿಗೆ ಹಾಲು ಕುಡಿಸಲು ಹೇಳಿದರು. ತಾವು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತರು. ಬುಜ್ಜಿ ಎಂದಿನಂತೆ ಕುಡಿದು, ಎಂದಿನಂತೆ ಬಿಟ್ಟು ಕಿರುಚಿದಳು. ನಾನು ಬೆನ್ನು ತಟ್ಟಲು ಹೋದರೆ ಮೇಡಂ ತಡೆದು, ಅವಳ ಹಣೆಯ ಬೆವರನ್ನು ಬೆರಳಿನಿಂದ ಮುಟ್ಟಿ ನೋಡಿದರು. ದಿನಾ ಹೀಗೆಯೇನಾ, ಹುಟ್ಟಿದಾಗಿನಿಂದಲೂ ಇತ್ತಾ ಎಂದು ಕೇಳಿದರು. ಇಲ್ಲ, ಮೊದಲು ಚೆನ್ನಾಗಿದ್ದಳು ಎಂದೆ. ಅವರು ತಲೆಯಾಡಿಸಿ ದೀಪ ಆರಿಸಿದರು.

ಆವತ್ತು ಬಸ್ಸು ಶ್ರೀನಿವಾಸಪುರ ತಲುಪುವ ಮೊದಲೇ ಹಾಡು ನಿಂತಿತು. ಅವರು ಪರದೆಗೆ ಹತ್ತಿರ ಬಾಗಿದರು. ಕಪ್ಪು ಬಿಳುಪಿನ ಆ ಮಬ್ಬಿನಲ್ಲಿ ನನ್ನ ಮಗಳ ಹೃದಯ ಸೋತ ಹಾಗೆ ಅಲುಗುತ್ತಿತ್ತು. ಅವರು ರಕ್ತ ಹರಿಯುವ ದಿಕ್ಕು ತೋರಿಸುವ ಬಣ್ಣ ಹಾಕಿದರು. ಕೆಂಪು, ನೀಲಿ ಕಿಡಿಗಳು ಹಾರಿದವು. ಬಣ್ಣ ತೆಗೆದರು. ಮತ್ತೆ ಹಾಕಿದರು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದರು. ಹೊರಗೆ ಬೇರೆ ಮಕ್ಕಳು ಕಾಯುತ್ತಿದ್ದರು, ನರ್ಸು ಬಾಗಿಲು ತೆರೆದು ನೋಡಿ ಮುಚ್ಚಿಕೊಂಡು ಹೋದರು. ಮೇಡಂ ಮುಖದಿಂದ ಏನೂ ತಿಳಿಯುವ ಹಾಗಿರಲಿಲ್ಲ. ಆಮೇಲೆ ಯಂತ್ರದ ಪರದೆಯನ್ನೇ ನನ್ನ ಕಡೆಗೆ ತಿರುಗಿಸಿದರು.

'ಬಾ ಬೇಟಿ, ಇಲ್ಲಿ ನೋಡು. ಭಯ ಬೀಳಬೇಡ, ನೋಡು' ಎಂದರು. 'ಹೃದಯ ಊರಿಗೆಲ್ಲ ರಕ್ತ ಹಂಚುತ್ತಲ್ಲ, ಅದಕ್ಕೂ ಹೊಟ್ಟೆಗೆ ಬೇಕಲ್ವಾ? ಅದಕ್ಕೇ ಅಂತ ಎರಡು ಸಣ್ಣ ನಾಳ ಇರ್ತವೆ. ನಿನ್ನ ಮಗಳಿಗೆ ಒಂದು ಸರಿಯಾದ ಜಾಗದಲ್ಲಿದೆ. ಇನ್ನೊಂದು ಶ್ವಾಸಕೋಶಕ್ಕೆ ಹೋಗೋ ದೊಡ್ಡ ನಾಳಕ್ಕೆ ಅಂಟಿಕೊಂಡಿದೆ ಅನ್ಸುತ್ತೆ. ಇಲ್ಲಿ ರಕ್ತ ಬರಬೇಕು, ಹಿಂದಕ್ಕೆ ಹೋಗ್ತಿದೆ ನೋಡು.'

ನನಗೆ ಒಂದು ನೀಲಿ ಎಳೆ ಮಿಂಚಿ ಮಾಯವಾಗುವುದು ಮಾತ್ರ ಕಂಡಿತು. ಹಾಗಾದರೆ ಹೃದಯ ಕೆಟ್ಟುಹೋಗಿದೆಯಾ ಎಂದು ಕೇಳಿದೆ.

'ಕೆಟ್ಟಿಲ್ಲ ಕಣಮ್ಮ, ಹಸಿದಿದೆ' ಎಂದರು. 'ಹಾಲು ಕುಡಿಯೋದು ಇಷ್ಟು ಸಣ್ಣ ಮಕ್ಕಳಿಗೆ ದೊಡ್ಡ ಕೆಲಸ. ಆಗ ಹೃದಯಕ್ಕೆ ರಕ್ತ ಸಾಲಲ್ಲ. ದೊಡ್ಡೋರಾಗಿದ್ರೆ ಎದೆ ಹಿಡ್ಕೊಂಡು ನೋಯ್ತಿದೆ ಅನ್ನೋರು. ಇವಳಿಗೆ ಹೇಳೋಕೆ ಬರಲ್ಲ. ಅದಕ್ಕೇ ಅಳ್ತಾಳೆ.'

ಅಷ್ಟು ದಿನ ನಾವು ಹೊಟ್ಟೆನೋವು ಎಂದುಕೊಂಡದ್ದು ಎದೆನೋವಾಗಿತ್ತು. ಅಲ್ಲೇ ನೆಲದ ಮೇಲೆ ಕೂತೆ. ಮೇಡಂ ಕೂಡ ಸ್ಟೂಲು ಬಿಟ್ಟು ನನ್ನ ಪಕ್ಕ ನೆಲಕ್ಕೇ ಬಂದು ಕೂತರು. ಹುಟ್ಟಿದ ಹೊಸದರಲ್ಲಿ ಇದು ಗೊತ್ತಾಗುವುದಿಲ್ಲ, ಶ್ವಾಸಕೋಶದ ಕಡೆಯ ಒತ್ತಡ ಇಳಿದ ಮೇಲೆಯೇ ತೊಂದರೆ ಶುರುವಾಗುತ್ತದೆ. ಇದು ಬಹಳ ಅಪರೂಪ, ತಾನೇ ಕೆಲವೇ ಮಕ್ಕಳಲ್ಲಿ ನೋಡಿರುವುದು. ಆ ನಾಳವನ್ನು ಬಿಡಿಸಿ ಸರಿಯಾದ ಜಾಗಕ್ಕೆ ಜೋಡಿಸಬಹುದು ಎಂದೆಲ್ಲ ನಿಧಾನವಾಗಿ ಹೇಳಿದರು. ತಾನು ನೋಡಿದ್ದು ತಪ್ಪಿರಲೂಬಹುದು, ಸಿ.ಟಿ. ಸ್ಕ್ಯಾನ್ ಮಾಡಿದರೆ ಖಚಿತವಾಗುತ್ತದೆ ಎಂದೂ ಹೇಳಿದರು. ಅದುವರೆಗೆ ಯಾವ ಡಾಕ್ಟರೂ ನನ್ನೆದುರು 'ತಪ್ಪಿರಬಹುದು' ಎಂದವರಲ್ಲ. ಅದು ಯಾಕೋ ಧೈರ್ಯ ಕೊಟ್ಟಿತು.

ಹೊರಗೆ ಅತ್ತೆ ಕಾಯುತ್ತಿದ್ದರು. ಮೇಡಂ ಅವರಿಗೂ ತೆಲುಗಿನಲ್ಲೇ ವಿವರಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡು, ನನ್ನ ಕಡೆ ನೋಡದೆ ಕೇಳಿದರು: 'ಬಸ್ಸುಲ ತಿರಿಗಿಂದಿ ಕದಮ್ಮಾ, ಅಂದುಕೇನಾ?'

ಬಸ್ಸಿನಲ್ಲಿ ಓಡಾಡಿದಳಲ್ಲ, ಅದಕ್ಕೇನಾ ಎಂದು. ನನ್ನ ಗಂಡ ತಲೆ ತಗ್ಗಿಸಿದರು. ಮೇಡಂ ಅತ್ತೆಯ ಎರಡೂ ಕೈ ಹಿಡಿದುಕೊಂಡರು.

'ಕಾದಮ್ಮಾ. ಎವರಿ ತಪ್ಪೂ ಕಾದು' ಎಂದರು. ಯಾರ ತಪ್ಪೂ ಅಲ್ಲ. ಮಗು ಹೊಟ್ಟೆಯಲ್ಲಿ ಅವರೆಕಾಳಿನಷ್ಟಿದ್ದಾಗಲೇ ಹೃದಯ ಹೀಗೆ ಕೂಡಿಕೊಂಡಿರುತ್ತದೆ, ಆಗ ನಿಮ್ಮ ಸೊಸೆಗೆ ತಾನು ಬಸುರಿ ಎಂಬುದೇ ಸರಿಯಾಗಿ ಗೊತ್ತಿರುವುದಿಲ್ಲ, ಅವಳು ಮಂಚದ ಮೇಲೇ ಮಲಗಿದ್ದರೂ ಹೀಗೇ ಆಗುತ್ತಿತ್ತು ಎಂದು ತಿಳಿಸಿದರು. ಸಿ.ಟಿ. ಕೋಣೆಯ ಕಡೆ ನಡೆಯುವಾಗ ಅತ್ತೆ ನನ್ನ ಹೆಗಲಿನ ಬಟ್ಟೆಯ ಚೀಲವನ್ನು ತೆಗೆದುಕೊಂಡು ತಾವು ಹಾಕಿಕೊಂಡರು. ಬಸ್ಸಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಸಿ.ಟಿ.ಗೂ ಮೇಡಂ ಜೊತೆಗೆ ಬಂದರು. ಮಗುವಿಗೆ ನಿದ್ದೆ ಬರಿಸಿ, ರಕ್ತನಾಳಗಳು ಕಾಣಲೆಂದು ಔಷಧಿ ಚುಚ್ಚಿ, ದೊಡ್ಡ ಉಂಗುರದಂಥ ಯಂತ್ರದೊಳಗೆ ಕಳಿಸಿದರು. ಆ ಯಂತ್ರದ ಮುಂದೆ ಬುಜ್ಜಿ ಒಂದು ಹಿಡಿ ಬಟ್ಟೆಯ ಗಂಟಿನಂತೆ ಕಾಣುತ್ತಿದ್ದಳು. ಗಾಜಿನ ಆಚೆ ಮೇಡಂ ಚಿತ್ರವನ್ನು ತಿರುಗಿಸುತ್ತ, ಹತ್ತಿರ ತರುತ್ತ, ಅಲ್ಲಿದ್ದ ಇನ್ನೊಬ್ಬ ಡಾಕ್ಟರ ಜೊತೆ ಮೆಲ್ಲಗೆ ಮಾತಾಡುತ್ತ ನಿಂತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದರು. ಅವರು ಹೇಳಿದಲ್ಲೇ, ಹೇಳಿದ ಹಾಗೇ, ದಾರದಷ್ಟು ತೆಳ್ಳನೆಯ ನಾಳ ತಪ್ಪು ಜಾಗದಿಂದ ಹೊರಟಿತ್ತು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನಾಳವನ್ನು ಬಿಡಿಸಿ ಸರಿಯಾದ ಕಡೆ ಹೊಲಿದರು. ಆಮೇಲಿನ ವಾರಗಳು ಕಷ್ಟದವು. ಹಸಿದಿದ್ದ ಹೃದಯ ಒಂದೇ ಸಲಕ್ಕೆ ಚೇತರಿಸಿಕೊಳ್ಳಲಿಲ್ಲ. ಅವಳನ್ನು ಯಂತ್ರದ ಉಸಿರಿನಲ್ಲಿ ಇಟ್ಟಿದ್ದರು. ಮೇಡಂ ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದರು. ಧೈರ್ಯದ ಮಾತು ಹೇಳಲು ಅಲ್ಲ. ಉಚ್ಚೆ ಎಷ್ಟು ಹೋಯಿತು, ಕೈಕಾಲು ಬೆಚ್ಚಗಿದೆಯಾ, ಕಣ್ಣು ಬಿಟ್ಟು ನಿನ್ನ ನೋಡಿದಳಾ ಎಂದು ಕೇಳುವರು. ಒಂದು ಬೆಳಗ್ಗೆ, ನೋಡಿದಳು ಎಂದೆ. ಮೇಡಂ ಸರಿ ಎಂದು ಫೋನ್ ಇಟ್ಟುಬಿಟ್ಟರು.

ಮನೆಗೆ ಬಂದ ಮೇಲೆ ಒಂದು ದಿನ ಬುಜ್ಜಿ ಹಾಲು ಕುಡಿಯುತ್ತ ಕುಡಿಯುತ್ತ, ನಡುವೆ ಬಿಡದೆ, ಅಳದೆ, ಹಾಗೇ ನಿದ್ದೆಹೋದಳು. ನಾನು ಅಲುಗಾಡದೆ ಕೂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಮೊದಮೊದಲು ಪದೇಪದೇ, ಆಮೇಲೆ ವರ್ಷಕ್ಕೊಂದೆರಡು ಸಲ, ತಪಾಸಣೆಗೆ ಹೋಗುತ್ತಿದ್ದೆವು. ಹೀಗೆ ಮೇಡಂ ನಮ್ಮವರೇ ಆದರು. ಮಾವಿನ ಕಾಲದಲ್ಲಿ ಬುಟ್ಟಿ ಹಣ್ಣು ಒಯ್ದರೆ ಒಂದೇ ಒಂದು ಆರಿಸಿಕೊಂಡು, ಮಿಕ್ಕಿದ್ದನ್ನು ಹೊರಗೆ ಕಾಯುತ್ತಿದ್ದವರಿಗೆ ಹಂಚಿಸುತ್ತಿದ್ದರು. ತಮ್ಮ ಪಾಲಿನದನ್ನು ಕೈತೊಳೆಯುವ ತೊಟ್ಟಿಯ ಮುಂದೆ ನಿಂತು, ತೋಳು ಮಡಿಚಿ, ಮೊಣಕೈಗೆ ರಸ ಇಳಿಯುವ ಹಾಗೆ ಅಲ್ಲೇ ತಿನ್ನುತ್ತಿದ್ದರು. ಶುಗರ್ ಇದೆಯಲ್ಲ ಮೇಡಂ ಎಂದರೆ, ಅದಕ್ಕೇ ಒಂದೇ ತಿನ್ನೋದು ಎನ್ನುವರು. ವಾಟೆಯನ್ನು ಚೀಪಿ ಪೂರ್ತಿ ಬಿಳಿಯಾಗುವವರೆಗೆ ಬಿಡುತ್ತಿರಲಿಲ್ಲ.

ಅಂಥ ಒಂದು ದಿನ, ಹಣ್ಣು ತಿಂದು ಕೈ ಒರೆಸಿಕೊಳ್ಳುತ್ತ, ಕೇಳದೆಯೇ ತಮ್ಮ ತಂಗಿಯ ವಿಷಯ ಹೇಳಿದರು. ಮುಳಬಾಗಿಲಿನ ಮನೆಯಲ್ಲಿ ಅವರಿಗೊಬ್ಬಳು ತಂಗಿಯಿದ್ದಳು. ನಡೆಯಲು ಕಲಿತಿದ್ದಳು, ನಾಲ್ಕು ಹೆಜ್ಜೆ ಇಟ್ಟು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. 'ಅವಳ ತುಟಿ ಯಾವಾಗ್ಲೂ ನೀಲಿ. ನಮ್ಮ ಅಬ್ಬಾ ಅವಳನ್ನ ಎತ್ತಿಕೊಂಡು, ನನ್ನ ಮಗಳು ನೇರಳೆಹಣ್ಣು ತಿಂದಿದಾಳೆ ಅಂತ ಬೀದಿಗೆಲ್ಲ ತೋರಿಸೋರು. ನಾವೂ ನಗ್ತಿದ್ವಿ. ಯಾರಿಗೂ ಗೊತ್ತಿರಲಿಲ್ಲಲ್ಲ.' ಆ ಮಗು ಬಹಳ ದಿನ ಉಳಿಯಲಿಲ್ಲ. ಅವಳಿಗೆ ನಿಜವಾಗಿ ಏನಿತ್ತು ಎಂಬುದು ತನಗೆ ಇವತ್ತಿಗೂ ತಿಳಿಯದು, ಹೃದಯದ ಯಾವ ಚಿತ್ರವೂ ಇಲ್ಲವಲ್ಲ, ನೀಲಿ ತುಟಿಯ ಮಗು ಬಂದಾಗೆಲ್ಲ ಇದಿರಬಹುದೇನೋ ಅದಿರಬಹುದೇನೋ ಎಂದು ಮನಸ್ಸು ಓಡುತ್ತದೆ ಎಂದರು. ಆಮೇಲೆ ಬುಜ್ಜಿಯ ಕಡೆ ತಿರುಗಿ, ಏನೇ, ನಿನಗೆ ಎಷ್ಟು ಹಲ್ಲು ಬಂತು ತೋರಿಸು ಎಂದು ಅವಳ ಬಾಯಿ ತೆರೆಸಿದರು.

ಎಲ್ಲ ಮಕ್ಕಳಿಗೂ ನಮ್ಮ ಬುಜ್ಜಿಯ ಅದೃಷ್ಟವಿರಲಿಲ್ಲ. ಇನ್ನೊಂದು ಸಲ ನಾವು ಹೊರಗೆ ಕಾಯುತ್ತಿದ್ದಾಗ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಒಳಗೆ ಹೋಗಿದ್ದರು. ದೂರದ ಯಾವುದೋ ಸೀಮೆಯವರು, ಅವರ ಮಾತು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಗಂಡನಿಗೆ ಮಾತ್ರ ಒಂದಿಷ್ಟು ಹಿಂದಿ. ಮೇಡಂ ನರ್ಸನ್ನು ಕಳಿಸಿ ನನ್ನನ್ನು ಕರೆಸಿದರು. ಹೆಂಗಸಿನ ಪಕ್ಕ ಒಬ್ಬ ತಾಯಿ ಕೂತಿರಲಿ ಎಂದರು. ಮಗುವಿನ ಹೃದಯದ ಒಂದು ಪಕ್ಕ ಬೆಳೆದೇ ಇರಲಿಲ್ಲವಂತೆ. ಆಪರೇಷನ್ ತಾಳಿಕೊಳ್ಳುವ ಸ್ಥಿತಿಯೂ ದಾಟಿತ್ತು. ಬೆಂಗಳೂರಿನ ಡಾಕ್ಟರುಗಳಿಗೆ ಚಿತ್ರಗಳನ್ನು ಕಳಿಸಿ, ಅವರೂ ಅದನ್ನೇ ಹೇಳಿದ ಮೇಲೆ ಮೇಡಂ ಇವರನ್ನು ಕೂರಿಸಿಕೊಂಡಿದ್ದರು.

ನೋಡೋಣ, ದೇವರಿದ್ದಾನೆ ಎಂದು ಕಳಿಸಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹಿಂದಿಯಲ್ಲಿ ಒಂದೊಂದೇ ಮಾತು ಹೇಳಿ, ಗಂಡ ಅದನ್ನು ಹೆಂಡತಿಗೆ ಹೇಳುವವರೆಗೆ ಕಾದು, ಆಮೇಲೆ ಮುಂದಿನ ಮಾತು. ಕೊನೆಯ ಮಾತನ್ನು ಗಂಡ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಹೆಂಗಸು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಮೇಡಂ ಮಗುವನ್ನು ರಜಾಯಿಯ ಸಮೇತ ಎತ್ತಿಕೊಂಡು ಕೋಣೆಯೊಳಗೇ ಓಡಾಡಿದರು. ಮಗುವಿಗೆ ಉಸಿರಾಟ ಕಷ್ಟವಾಗದಂತೆ ಏನು ಕೊಡಬೇಕು, ಹೇಗೆ ಮಲಗಿಸಬೇಕು ಎಂಬುದನ್ನು ತಾಯಿಗೆ ಕೈಯಲ್ಲಿ ಮಾಡಿ ತೋರಿಸಿದರು. ಮುಂದಿನ ಭಾನುವಾರ ಮಾಲೂರಿಗೆ ಹೋಗಿ ಗೂಡಿನ ಪಕ್ಕದ ಅವರ ಶೆಡ್ಡಿನಲ್ಲಿ ಮಗುವನ್ನು ನೋಡಿಬಂದರು. ಮಗು ಹೋದ ಮೇಲೂ ಒಮ್ಮೆ ಹೋಗಿದ್ದರು.

ಅಷ್ಟು ನೇರವಾಗಿ ಹೇಳಲು ಹೇಗೆ ಮನಸ್ಸು ಬರುತ್ತದೆ ಎಂದು ನಾನು ಕೇಳಿದ್ದೆ. 'ಸುಳ್ಳು ಹೇಳಿದ್ರೆ ಅವತ್ತೊಂದಿನ ನಾನು ಒಳ್ಳೇವಳಾಗ್ತೀನಿ' ಎಂದರು. 'ಅವರು ಮಾತ್ರ ಆ ಮಗುನ ಎತ್ಕೊಂಡು ಊರೂರು ಅಲೀತಾರೆ. ಇರೋ ನಾಲ್ಕು ದಿನ ಅದು ಅಮ್ಮನ ಮಡಿಲಲ್ಲಿ ಇರಲಿ ಅಂತ.'

ಹೋದ ವರ್ಷ ತಪಾಸಣೆಗೆ ಹೋದಾಗ ಕೋಣೆಯಲ್ಲಿ ಬೇರೆ ಡಾಕ್ಟರಿದ್ದರು. ಮೇಡಂಗೆ ಹುಷಾರಿಲ್ಲ, ಮುಳಬಾಗಿಲಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ ಎಂದು ನರ್ಸು ಹೇಳಿದರು. ಆ ವಾರವೇ ಹೋದೆವು. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು, ಗುರುತು ಸಿಗದಷ್ಟು ಇಳಿದುಹೋಗಿದ್ದರು. ನನ್ನ ಮುಖ ನೋಡಿಯೇ ತಾವೇ ಹೇಳಿದರು: ಹೊಟ್ಟೆಯಲ್ಲಿ ಗಡ್ಡೆ, ಯಕೃತ್ತಿಗೂ ಹರಡಿದೆ.

'ನನ್ನ ಸ್ಕ್ಯಾನ್ ನಾನೇ ನೋಡ್ದೆ ಟೀಚರಮ್ಮ. ಎಷ್ಟು ಚೆನ್ನಾಗಿ ತೆಗ್ದಿದಾರೆ ಅಂತೀಯ, ಎಲ್ಲಾ ಸ್ಪಷ್ಟವಾಗಿದೆ. ನನಗೆ ನಾನೇ ಸುಳ್ಳು ಹೇಳ್ಕೊಳ್ಳೋಕೆ ಜಾಗಾನೇ ಬಿಟ್ಟಿಲ್ಲ' ಎಂದು ನಕ್ಕರು. ಅವರು ಬುಜ್ಜಿಯನ್ನು ಹತ್ತಿರ ಕರೆದು, ಶಾಲೆಯಲ್ಲಿ ಯಾರ ಪಕ್ಕ ಕೂರುತ್ತೀಯ, ಯಾರ ಜೊತೆ ಜಗಳ ಎಂದೆಲ್ಲ ಕೇಳಿದರು. ಶಾಲೆಯ ಖೋ-ಖೋ ತಂಡಕ್ಕೆ ಸೇರಿದ್ದೇನೆ ಎಂದು ಅವಳು ಹೇಳಿದಾಗ ಕಣ್ಣುಮುಚ್ಚಿಕೊಂಡರು. ನೋವಾಗುತ್ತಿದೆಯೇನೋ ಎಂದುಕೊಂಡೆ. ಆಮೇಲೆ ನೋಡಿದರೆ ಅವರ ಮುಖದಲ್ಲಿ ನಗು ಹಾಗೇ ಇತ್ತು. ಹೊರಡುವಾಗ, ಇವಳು ದೊಡ್ಡವಳಾದ ಮೇಲೂ ತಪಾಸಣೆ ತಪ್ಪಿಸಬೇಡ ಎಂದು ಎರಡು ಸಲ ಹೇಳಿದರು. ಅದೇ ಕೊನೆಯ ಭೇಟಿ.

ಅವರು ಹೋದ ಸುದ್ದಿ ಬಂದ ಬೆಳಗ್ಗೆ ಶಾಲೆಗೆ ರಜೆ ಹಾಕಿ ಬುಜ್ಜಿಯನ್ನು ಕರೆದುಕೊಂಡು ಮುಳಬಾಗಿಲಿಗೆ ಹೋದೆ. ಅವರ ಬೀದಿ ಆಗಲೇ ತುಂಬಿತ್ತು. ಗಂಡಸರು ಜನಾಜಾ ಹೊತ್ತು ಖಬರಸ್ತಾನದ ಕಡೆ ಹೋದರು. ನಾವು ಹೆಂಗಸರು ಮನೆಯ ಮುಂದೆ ಹಾಸಿದ್ದ ಚಾಪೆಗಳ ಮೇಲೆ ಉಳಿದೆವು. ಸುತ್ತ ನೋಡಿದರೆ ಬಹಳಷ್ಟು ಜನ ನನ್ನಂಥವರೇ, ಮೇಡಂ ನೋಡಿದ ಮಕ್ಕಳನ್ನು ಕರೆತಂದ ತಾಯಂದಿರು. ಒಬ್ಬರಿಗೊಬ್ಬರ ಹೆಸರು ಗೊತ್ತಿರಲಿಲ್ಲ. ನಿಮ್ಮ ಮಗುವಿಗೆ ಏನಾಗಿತ್ತು ಎಂದು ಮೆಲ್ಲಗೆ ಕೇಳಿಕೊಳ್ಳುತ್ತಿದ್ದೆವು. ಒಬ್ಬಾಕೆ ಮಗನ ಅಂಗಿಯ ಗುಂಡಿ ಬಿಚ್ಚಿ ಎದೆಯ ನಡುವಿನ ಗಾಯದ ಗೆರೆ ತೋರಿಸಿದಳು. ನಾನು ಬುಜ್ಜಿಯದನ್ನು ತೋರಿಸಿದೆ.

ಮಕ್ಕಳಿಗೆ ಕೂತು ಬೇಸರವಾಯಿತು. ಒಬ್ಬ ಎದ್ದ, ಇನ್ನೊಬ್ಬಳು ಹಿಂದೆಯೇ ಹೋದಳು. ನೋಡುತ್ತಿದ್ದ ಹಾಗೆ ಅಷ್ಟೂ ಮಕ್ಕಳು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು, ಕೂಗಾಡಿಕೊಂಡು, ಬೀದಿ ತುಂಬ ಓಡತೊಡಗಿದವು. ಸಾವಿನ ಮನೆಯ ಮುಂದೆ ಹೀಗಾ ಎಂದು ನಮಗೆ ನಾಚಿಕೆಯಾಗಿ, ಒಬ್ಬೊಬ್ಬರೇ ಎದ್ದು ಗದರಿಸಲು ಹೋದೆವು.

ಅಷ್ಟರಲ್ಲಿ ಖಬರಸ್ತಾನದಿಂದ ತಿರುಗಿ ಬರುತ್ತಿದ್ದ ಮೇಡಂ ಅವರ ಅಣ್ಣ ಬೀದಿಯ ತಿರುವಿನಲ್ಲಿ ನಿಂತರು. ಬಿಳಿ ಗಡ್ಡದ ಮುದುಕರು, ಕಾಲಿನ ತುಂಬ ಕೆಮ್ಮಣ್ಣು. ಓಡುತ್ತಿದ್ದ ಮಕ್ಕಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆ ಕೈಯೆತ್ತಿ ತಡೆದರು.

'ಬಿಡಿಮ್ಮಾ, ಓಡ್ಲಿ' ಎಂದರು.

ಮಕ್ಕಳು ಅವರ ಎರಡೂ ಪಕ್ಕದಿಂದ ನುಗ್ಗಿ ಬೀದಿಯ ಆ ತುದಿಯವರೆಗೆ ಓಡಿದವು.